ಅವರು ಹಾಕಿಟ್ಟು ಹೋಗುತ್ತಿದ್ದ ಬಿಯರು

ಈ ಸಲ ಚಳಿ ಶುರುವಾಗುವ ಹೊತ್ತಿಗೆ, ಒಂದು ಡಬ್ಬಿಯ ಮುಚ್ಚಳ ತೆಗೆದಾಗ ಬಂದ ವಾಸನೆಗೆ ನಾನು ಅಡುಗೆಮನೆಯ ಮಣೆಯ ಮೇಲೆ ಕುಳಿತೇ ಬಿಟ್ಟೆ. ಒಳಗಿದ್ದದ್ದು ಮಾಲ್ಟಿನ ಪಾಕ, ಮನೆಯಲ್ಲೇ ಬಿಯರ್ ಮಾಡುವ ಕಿಟ್ಟಿನದು. ನೋಡಲಿಕ್ಕೆ ನಮ್ಮ ಜೋನಿ ಬೆಲ್ಲದ ಹಾಗೇ, ಕಪ್ಪಗೆ, ಅಂಟಂಟು. ಮೂಸಿದರೆ ಮಾತ್ರ ಹುರಿದ ಧಾನ್ಯದ ಘಮ. ಕೊರಿಯರಿನವನು ಹಳದೀಪುರದ ಬಸ್ ಸ್ಟಾಪಿನಲ್ಲಿ ಪೆಟ್ಟಿಗೆ ಕೊಡುತ್ತ, "ಎಂತ ಅಕ್ಕೋರೆ, ಇಷ್ಟು ಭಾರ? ಪುಸ್ತಕವಾ?" ಎಂದಿದ್ದ. ಹೌದೆಂದೆ. ಕುಮಟೆಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದ ಅಕ್ಕೋರು ಲಾಗರ್ ಬಿಯರ್ ಹಾಕುತ್ತಾಳೆಂದರೆ ಅವನು ನಂಬುತ್ತಿದ್ದನೇ? ನೀವಾದರೂ ನಂಬುತ್ತೀರಾ?

ಕಲಿಸಿದವರು ನನ್ನ ಗಂಡ. ಸರಕಿನ ಹಡಗಿನಲ್ಲಿ ಎಂಜಿನಿಯರು. ಯಾವುದೋ ಬಂದರಿನಲ್ಲಿ ಕೊಂಡ ಕಿಟ್ಟನ್ನು ಬಟ್ಟೆಯ ನಡುವೆ ಸುತ್ತಿ ತರುತ್ತಿದ್ದರು. ರಜೆ ಮುಗಿಯುವ ಹೊತ್ತಿಗೆ ಪಾಕವನ್ನು ಬಿಸಿನೀರು ಸಕ್ಕರೆಯಲ್ಲಿ ಕರಗಿಸಿ, ತಣಿಸಿ, ದೊಡ್ಡ ಬಕೆಟ್ಟಿಗೆ ಸುರಿದು, ಯೀಸ್ಟ್ ಉದುರಿಸಿ ಮುಚ್ಚಳ ಬಿಗಿದರೆ ಅವರ ಕೆಲಸ ಮುಗಿಯಿತು. ಮಾರನೆಯ ದಿನ ಹೊನ್ನಾವರದಿಂದ ರೈಲು. ಲಾಗರೋ, ತಂಪಿಲ್ಲದಿದ್ದರೆ ಕೆಡುವ ಜಾತಿ. ನಮ್ಮ ಸೆಕೆಯಲ್ಲಿ ಅದರ ಬಾಣಂತನವೆಲ್ಲ ನನ್ನದು. ಬಕೆಟ್ಟನ್ನು ನೀರಿನ ಟಬ್ಬಿನಲ್ಲಿಟ್ಟು, ಹಸಿ ಗೋಣಿ ಸುತ್ತಿ, ಬೆಳಿಗ್ಗೆ ಸಂಜೆ ಐಸು ಹಾಕಬೇಕು. ಐಸು ಕೊಡುತ್ತಿದ್ದವಳು ಮನೆಮನೆಗೆ ಮೀನು ತರುವ ಮಂಕಾಳಿ.

ಮುಚ್ಚಳದ ಮೇಲಿನ ಸಣ್ಣ ನಳಿಗೆಯಿಂದ ಗಾಳಿ ಹೊರಬಿದ್ದಾಗಲೆಲ್ಲ 'ಗುಳುಕ್' ಎನ್ನುತ್ತಿತ್ತು. ಸಿಂಗಾಪುರದಿಂದಲೋ ಇನ್ನೆಲ್ಲಿಂದಲೋ ಅವರ ಫೋನು ಬಂದರೆ ಮೊದಲು ಅದರದ್ದೇ ವಿಚಾರ.

"ಹ್ಯಾಂಗದೆ? ಮಾತಾಡ್ತದ್ಯಾ?"

"ನಿಮಗಿಂತ ಜಾಸ್ತಿ ಮಾತಾಡ್ತದೆ."

ಆಮೇಲೆ ಬಾಟಲಿಗೆ ತುಂಬಿ, ಮುಚ್ಚಳ ಒತ್ತಿ, ಫ್ರಿಜ್ಜಿನಲ್ಲಿಟ್ಟು ತಿಂಗಳುಗಟ್ಟಲೆ ಕಾಯುವುದು. ಅವರು ಬಂದು, ಮೊದಲ ಗುಟುಕಿಗೇ "ನಾ ಮಾಡಿದ್ದು ಹ್ಯಾಂಗದೆ!" ಎಂದು ಹೊಗಳಿಕೊಳ್ಳುತ್ತಿದ್ದರು. ನಾನು ಒಂದು ಹನಿಯೂ ಕುಡಿದವಳಲ್ಲ, ನಕ್ಕು ಮತ್ತೆ ಲೋಟ ತುಂಬುತ್ತಿದ್ದೆ.

ಅವರು ಹಡಗು ಬಿಟ್ಟು ಮನೆಯಲ್ಲೇ ನಿಂತ ಮೇಲೆ ಬಿಯರ್ ಹಾಕುವುದೂ ನಿಂತಿತು. "ಪೇಟೆಲೇ ಸಿಕ್ತದೆ, ಆ ರಗಳೆ ಎಂತಕ್ಕೆ?" ಎಂದರು. ಬಕೆಟ್ಟು ಅಟ್ಟ ಸೇರಿತು. ನನಗೂ ಬೇಕೆನಿಸಲಿಲ್ಲ, ಅವರೇ ಇದ್ದರಲ್ಲ. ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ, ಉಂಡು ಮಲಗಿದವರು ಏಳಲಿಲ್ಲ.

ಮದುವೆಯಾದ ಮೇಲಿನ ಎಷ್ಟೋ ವರ್ಷ ನಾನು ಈ ಮನೆಯಲ್ಲಿ ಒಬ್ಬಳೇ ಇದ್ದವಳು. ಆಗೆಲ್ಲ ಒಂಟಿ ಅನ್ನಿಸಿರಲಿಲ್ಲ, ಹೆದ್ದಾರಿಯಲ್ಲಿ ಬಸ್ಸು ನಿಂತಾಗಲೆಲ್ಲ ಕತ್ತೆತ್ತಿ ನೋಡುತ್ತ ಕಾಯುತ್ತಿದ್ದೆನಲ್ಲ. ಈಗ ಅದೂ ಇಲ್ಲ. ಕಾಯುವುದೇ ಬೇಕಾಗಿತ್ತೋ ಏನೋ, ಒಂದು ದಿನ ಏಣಿ ಹತ್ತಿ ಬಕೆಟ್ಟು ಇಳಿಸಿದೆ, ಕೊರಿಯರಿನಲ್ಲಿ ಕಿಟ್ಟು ತರಿಸಿದೆ.

ಮಂಕಾಳಿಗೆ ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ಅಂಗಳದಲ್ಲಿ ಬುಟ್ಟಿ ಇಳಿಸಿ ನನ್ನನ್ನೇ ನೋಡಿದಳು.

"ಮೀನು ಬ್ಯಾಡ, ಬರೀ ಐಸಾ? ನಿಮ್ಮನೆಯೋರೇ ಇಲ್ಲ. ಕುಡೂಕೆ ಯಾರು ಬತ್ರು ಅಕ್ಕೋರೆ?"

"ಯಾರೂ ಬರೂದಿಲ್ಲ."

ಆದರೂ ಅವಳು ದಿನವೂ ಐಸು ತಂದಳು.

ಬಕೆಟ್ಟು ಮಾತಾಡಿತು. ನಾನೂ ಅಕ್ಕಿ ಆರಿಸುತ್ತ, ತಲೆ ಬಾಚುತ್ತ "ಹೌದಾ? ಆಮೇಲೆ?" ಎಂದು ಉತ್ತರ ಕೊಡುತ್ತಿದ್ದೆ. ಒಂದು ಬೆಳಿಗ್ಗೆ ಸದ್ದು ನಿಂತಿತ್ತು. ಒಳಗಿನ ಸಕ್ಕರೆ ಮುಗಿದರೆ ನಿಲ್ಲಲೇಬೇಕು, ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಮುಚ್ಚಳಕ್ಕೆ ಕಿವಿಯಿಟ್ಟು ಎಷ್ಟೋ ಹೊತ್ತು ಕುಳಿತೆ. ಅವರನ್ನು ಮಸಣಕ್ಕೆ ಸಾಗಿಸಿದ ದಿನ ಬಾರದ ಅಳು ಆಗ ಬಂತು.

ಬಾಟಲಿಗೆ ತುಂಬಿ, ಮೊದಲಿನ ಹಾಗೆಯೇ ತಿಂಗಳುಗಟ್ಟಲೆ ಕಾದೆ. ನಿನ್ನೆ ಸಂಜೆ ಮಂಕಾಳಿಯನ್ನು ಜಗಲಿಗೆ ಕರೆದು ಮೊದಲ ಬಾಟಲಿ ತೆರೆದೆ. ಎರಡು ಸ್ಟೀಲ್ ಲೋಟಕ್ಕೆ ಬಗ್ಗಿಸಿದೆ. ಅವಳು ಒಂದು ಗುಟುಕಿಗೇ ಮುಖ ಕಿವುಚಿದಳು.

"ಇಶ್ಶೀ! ಕಹಿ ಕಷಾಯ. ಇದ್ಕಾ ಅಷ್ಟೆಲ್ಲ ಐಸು ಹಾಕಿದ್ದು?"

ನಾನೂ ಕುಡಿದೆ. ಕಹಿ ಹೌದು. ನೊರೆ ಮೂಗಿಗೆ ಹತ್ತಿ ಸೀನು ಬಂತು. ಆದರೆ ಗಂಟಲಿಳಿದ ಮೇಲೆ ಹಿತವಾಗಿತ್ತು. ಇಷ್ಟು ವರ್ಷ ಇದರ ರುಚಿ ನೋಡದೆ ಇದ್ದೆನಲ್ಲ ಅನ್ನಿಸಿತು. ಇಬ್ಬರೂ ನಕ್ಕೆವು. ಹೊರಡುವ ಮೊದಲು ಮಂಕಾಳಿ ಲೋಟ ಮುಂದೆ ಹಿಡಿದು, "ಆದ್ರೂ ಒಂಚೂರು ಹಾಕಿ" ಎಂದಳು.

ಅವಳು ಹೋದ ಮೇಲೆ ಉಳಿದದ್ದನ್ನು ಒಬ್ಬಳೇ ನಿಧಾನವಾಗಿ ಕುಡಿದೆ. ಕತ್ತಲಾಗುತ್ತ ಬಂತು. ಆಚೆ ಹೆದ್ದಾರಿಯಲ್ಲಿ ಬಸ್ಸುಗಳು ನಿಂತು ನಿಂತು ಹೋಗುತ್ತಿದ್ದವು. ಯಾರು ಇಳಿದರೆಂದು ನಾನು ಕತ್ತೆತ್ತಿ ನೋಡಲಿಲ್ಲ.