ಎತ್ತಿನೊಳಗಿನ ಡೈನೋಸಾರು

ಐದು ರೂಪಾಯಿಯ ಕುರುಕಲು ಪೊಟ್ಟಣದಲ್ಲಿ ಒಂದೊಂದು ಡೈನೋಸಾರು ಸಿಗುತ್ತಿದ್ದ ದಿನಗಳವು. ತಿಂಡಿಯ ರುಚಿ ಹೇಗಿತ್ತು ಎಂದು ಕೇಳಿದರೆ ಈಗ ಹೇಳಲು ಬಾರದು. ಬೆರಳಿಗೆ ಹತ್ತುತ್ತಿದ್ದ ಕೆಂಪು ಪುಡಿ, ಅದರ ಹುಳಿ ಹುಳಿ ವಾಸನೆ, ಅಷ್ಟೇ ನೆನಪು. ಮುಂಡಗೋಡ ತಾಲೂಕಿನ ನಮ್ಮ ಹಳ್ಳಿಗೆ ಇದ್ದದ್ದು ಒಂದೇ ಅಂಗಡಿ. ಒಳಗೆ ಯಾವುದಿದೆ ಎಂದು ತಿಳಿಯಲು ನಾವು ಪೊಟ್ಟಣ ಹಿಚುಕಿ ನೋಡುತ್ತಿದ್ದೆವು. ಅಂಗಡಿಯ ಈರವ್ವ ಬಿಡುತ್ತಿರಲಿಲ್ಲ. "ರೊಕ್ಕಾ ಕೊಟ್ಟ ಮ್ಯಾಲೆ ಹಿಚುಕ್ರಿ, ನನ್ನ ಮಾಲು ಹಿಟ್ಟು ಮಾಡಬ್ಯಾಡ್ರಿ" ಎಂದು ಕೈ ತಟ್ಟುತ್ತಿದ್ದಳು.

ಒಟ್ಟು ಹತ್ತು ನಮೂನೆ. ಪೊಟ್ಟಣದ ಹಿಂದೆ ಬರೆದ ಹೆಸರುಗಳು ನಮ್ಮ ನಾಲಗೆಗೆ ಹೊರಳುತ್ತಿರಲಿಲ್ಲವಾಗಿ ನಾವೇ ಹೆಸರಿಟ್ಟಿದ್ದೆವು. ಉದ್ದ ಕುತ್ತಿಗೆಯದು ಒಂಟಿ, ಅಂದರೆ ಒಂಟೆ. ದೊಡ್ಡ ಬಾಯಿ, ಚೋಟುದ್ದದ ಕೈ ಇದ್ದದ್ದು ಪಂಚಾಯ್ತಿ ಮೆಂಬರ. ಕಣ್ಣ ಮೇಲೆ ಎರಡು, ಮೂಗಿನ ಮೇಲೊಂದು ಕೊಂಬು ಇದ್ದದ್ದು ಮುಕ್ಕೊಂಬ. ಮುಕ್ಕೊಂಬ ಸಿಗುವುದು ಬಹಳ ಅಪರೂಪ. ಇಡೀ ಊರಿನಲ್ಲಿ ಇದ್ದದ್ದು ಎರಡೇ. ಕೆಂಪಿನದು ನನ್ನ ಹತ್ತಿರ, ಹಸಿರಿನದು ಸಿದ್ದಿಯರ ಓಣಿಯ ರೋಜಾಳ ಹತ್ತಿರ.

ರೋಜಾ ನನ್ನ ಜೊತೆ ನಾಲ್ಕನೇ ಇಯತ್ತೆಯಲ್ಲಿದ್ದಳು. ಯಾರ ಮುಕ್ಕೊಂಬ ಗಟ್ಟಿ ಎಂಬುದು ನಮ್ಮಿಬ್ಬರ ನಡುವೆ ಮುಗಿಯದ ವ್ಯಾಜ್ಯ. ಕಲ್ಲಿನಿಂದ ಜಜ್ಜಿದೆವು, ಅವರ ಮನೆಯ ನಾಯಿಯ ಬಾಯಿಗೆ ಕೊಟ್ಟೆವು. ನಾಯಿ ಅರ್ಧ ದಿನ ಅಗಿದು ಬೇಸತ್ತು ಉಗುಳಿತು. ಹಸಿ ಮಣ್ಣಿನ ದಾರಿಯಲ್ಲಿಟ್ಟು ಅದರ ಮೇಲೆ ಚಕ್ಕಡಿ ಹಾಯಿಸಿದೆವು. ಹೊಟ್ಟೆಯ ಕಡೆ ತೆರೆದಿದ್ದ ಪೊಳ್ಳು ಪ್ಲಾಸ್ಟಿಕ್ಕು ಅದು. ಚಪ್ಪಟೆಯಾದದ್ದು ಕೈಗೆತ್ತಿಕೊಳ್ಳುತ್ತಲೇ ಮತ್ತೆ ಉಬ್ಬಿ ಮೊದಲಿನಂತಾಯಿತು. ಬಕೀಟಿನ ತಳಕ್ಕೆ ಒತ್ತಿ ಹಿಡಿದು ಬಿಟ್ಟರೂ ಮುಳುಗದೆ ಮೇಲೆದ್ದು ಬರುತ್ತಿತ್ತು. ಈ ಕೊನೆಯ ಪರೀಕ್ಷೆಯನ್ನು ನಾನು ಮರೆಯಬಾರದಿತ್ತು. ಮರೆತೆ.

ಆ ವರ್ಷದ ಚಳಿಗಾಲದಲ್ಲಿ ನಮ್ಮಜ್ಜ ಚನ್ನಪ್ಪನಿಗೆ ಲಕ್ವಾ ಹೊಡೆದಿತ್ತು. ಮಾತು ತಿರುಗಿ ಬಂತು, ಕಾಲೂ ಒಂದಿಷ್ಟು ಬಂತು, ಬಲಗೈ ಮಾತ್ರ ಬರಲಿಲ್ಲ. ಊಟಕ್ಕೆ ಕೂತರೆ ತುತ್ತು ಬಾಯಿ ಮುಟ್ಟುವಷ್ಟರಲ್ಲಿ ಅರ್ಧ ತೊಡೆಯ ಮೇಲೆ ಬೀಳುತ್ತಿತ್ತು. ಅಜ್ಜ ಯಾರೂ ನೋಡಲಿಲ್ಲವೆಂಬಂತೆ ಅದನ್ನು ಎಡಗೈಯಿಂದ ಸರಿಸುತ್ತಿದ್ದ. ನಾನೂ ನೋಡದವಳಂತೆ ಇರುತ್ತಿದ್ದೆ.

ಮೊದಲ ಮಳೆ ಬಿದ್ದು ಬಿತ್ತನೆ ನಡೆದಿರುವಾಗ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಅಂದು ಮಣ್ಣಿನ ಜೋಡೆತ್ತು ಮಾಡಿ, ಜಗಲಿಯ ಮೇಲಿಟ್ಟು ಪೂಜಿಸಿ, ಕಡಬು ತೋರಿಸಿ, ಮರುದಿನ ಕೆರೆಗೆ ಬಿಡುವುದು ನಮ್ಮ ಕಡೆಯ ಪದ್ಧತಿ. ಉಳಿದವರು ಕುಂಬಾರರಿಂದ ತರುತ್ತಿದ್ದರು. ನಮ್ಮ ಮನೆಗೆ ಮಾತ್ರ ಅಜ್ಜನೇ ಮಾಡಬೇಕು. ಕೆರೆಯ ಅಂಚಿನ ಜಿಗಿ ಮಣ್ಣು ತಂದು, ಹರಳು ಆರಿಸಿ, ಹಿಟ್ಟಿನ ಹಾಗೆ ನಾದಿ, ಜೋಳದ ಕಾಳಿನ ಕಣ್ಣಿಟ್ಟು ಅವನು ಮಾಡಿದ ಎತ್ತುಗಳನ್ನು ನೋಡಲು ಓಣಿಯ ಜನ ಬರುತ್ತಿದ್ದರು.

ಆ ಸಲ ಅಮಾವಾಸ್ಯೆಯ ಮುಂಜಾನೆ ಅಜ್ಜ ಪಡಸಾಲೆಯಲ್ಲಿ ಕೂತು ಮೂರು ಸಲ ಎತ್ತು ಮಾಡಿದ. ಮೂರು ಸಲವೂ ಅದು ಮೊಣಕಾಲೂರಿ ಕುಸಿಯಿತು. ಬಲಗೈಯಲ್ಲಿ ಹಿಡಿತವಿಲ್ಲದೆ ಕಾಲುಗಳಿಗೆ ಬಿಗಿ ಬರುತ್ತಿರಲಿಲ್ಲ. ನಮ್ಮವ್ವ ಒಳಗಿನಿಂದ ಎಲ್ಲ ನೋಡುತ್ತಿದ್ದವಳು ಕಡೆಗೆ ಮೆಲ್ಲಗೆ ಹೇಳಿದಳು, "ಮಾವಾರ, ಈ ವರ್ಷ ಒಂದ ಕುಂಬಾರರ ಕಡೆ ತರೂಣು ತಗೋರಿ. ನೀವು ಯಾಕ ತ್ರಾಸ ಮಾಡ್ಕೋತೀರಿ."

ಅವ್ವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಜ್ಜ ಕುಸಿದ ಮಣ್ಣನ್ನು ಮತ್ತೆ ಮುದ್ದೆ ಮಾಡಿ ಬದಿಗಿಟ್ಟ. ಮಧ್ಯಾಹ್ನ ಊಟ ಒಲ್ಲೆನೆಂದ. ನಾನು ತಂಬಿಗೆಯಲ್ಲಿ ಮಜ್ಜಿಗೆ ಒಯ್ದು ಕೊಟ್ಟಾಗ ಅದನ್ನು ಹಿಡಿದುಕೊಂಡೇ ಕೂತ.

"ಹೊಲದಾಗ ರಂಟಿ ಹಿಡ್ಯಾಕ ಬರೂದಿಲ್ಲ, ಬಿತ್ತಾಕ ಬರೂದಿಲ್ಲ. ಇದೊಂದ ಉಳದಿತ್ತವ್ವಾ ನನಗ" ಅಂದ.

ನನಗೆ ಒಂಬತ್ತು ವರ್ಷ. ಅಜ್ಜ ಅತ್ತದ್ದನ್ನು ನಾನು ಎಂದೂ ಕಂಡಿರಲಿಲ್ಲ, ಅಂದೂ ಅವನು ಅಳಲಿಲ್ಲ, ಆದರೆ ನನಗೆ ಅಳು ಬಂತು. ಅಳುತ್ತಲೇ ಎದ್ದು ಹೋಗಿ ನನ್ನ ತಗಡಿನ ಡಬ್ಬಿ ತೆಗೆದೆ. ಚಕ್ಕಡಿ ಹಾಯ್ದರೂ ಸಾಯದ ಮುಕ್ಕೊಂಬ ನಾಲ್ಕು ಕಾಲ ಮೇಲೆ ಗಟ್ಟಿಯಾಗಿ ನಿಂತಿತ್ತು. ಆದರೆ ಎತ್ತು ಎಂದರೆ ಜೋಡಿ. ಒಂಟೆತ್ತಿಗೆ ಪೂಜೆಯಿಲ್ಲ.

ಡಬ್ಬಿ ಹಿಡಿದು ರೋಜಾಳ ಮನೆಗೆ ಓಡಿದೆ. ಅವಳು ಅಂಗಳದಲ್ಲಿ ಹಲಸಿನ ಬೀಜ ಸುಡುತ್ತಿದ್ದಳು. ಆ ಸುಟ್ಟ ವಾಸನೆ ಇವತ್ತಿಗೂ ಎಲ್ಲಿಯಾದರೂ ಬಂದರೆ ನನಗೆ ಆ ವ್ಯಾಪಾರವೇ ನೆನಪಾಗುವುದು.

"ನಿನ್ನ ಮುಕ್ಕೊಂಬ ಕೊಡ. ಒಂಟಿ ಕೊಡ್ತೇನಿ."

"ಒಂಟಿ ನನ್ನ ಹಂತ್ಯಾಕ ಎರಡ ಅದಾವು."

"ಮೆಂಬರನ್ನೂ ಕೊಡ್ತೇನಿ."

ರೋಜಾ ಬೀಜದ ಸಿಪ್ಪೆ ಸುಲಿಯುತ್ತ ನನ್ನ ಕಣ್ಣು ನೋಡಿದಳು, ಆಮೇಲೆ ಡಬ್ಬಿ ನೋಡಿದಳು. "ಡಬ್ಬಿ ಎಲ್ಲಾ ಕೊಡ್ತಿಯೇನ?"

ಕೊಟ್ಟೆ. ನನ್ನ ಮುಕ್ಕೊಂಬನೊಂದನ್ನು ಬಿಟ್ಟು ಏಳು ಡೈನೋಸಾರು, ಡಬ್ಬಿ ಸಮೇತ. ಇಂಥ ವ್ಯಾಪಾರವನ್ನು ಆಮೇಲೆ ನಾನು ಜೀವನದಲ್ಲಿ ಮಾಡಿಲ್ಲ. ರೋಜಾ ಪಾಪ, ಯಾಕೆ ಎಂದು ಕೇಳಿದಳು. ಹೇಳಲಿಲ್ಲ.

ಅಜ್ಜ ಇನ್ನೂ ಹಾಗೆಯೇ ಕೂತಿದ್ದ. ಅವ್ವ ಕಡಬಿಗೆ ಬೇಳೆ ಬೇಯಿಸಲು ಒಳಗೆ ಹೋಗಿದ್ದಳು. ನಾನು ಎರಡನ್ನೂ ಅಜ್ಜನ ಮುಂದಿಟ್ಟು, "ಇದರ ಮ್ಯಾಲೆ ಮಣ್ಣು ಮೆತ್ತಜ್ಜಾ. ಬೀಳೂದಿಲ್ಲ" ಅಂದೆ.

ಅಜ್ಜ ಒಂದನ್ನು ಎತ್ತಿ ತಿರುಗಿಸಿ ನೋಡಿದ. "ಏನವ್ವಾ ಇದು? ಎಮ್ಮೀನೋ, ಹಂದೀನೋ?"

"ಡೈನೋಸಾರು. ಕೋಟಿ ಕೋಟಿ ವರ್ಷದ ಹಿಂದ ಇದ್ದುವಂತ."

"ನಮ್ಮ ಮುತ್ತ್ಯಾಗಿಂತ ಮೊದಲ?"

"ಎಲ್ಲಾರ ಮುತ್ತ್ಯಾಗೋಳಿಗಿಂತ ಮೊದಲ."

ಅಜ್ಜ ಅದನ್ನು ನೆಲದ ಮೇಲೆ ನಿಲ್ಲಿಸಿದ. "ಹಂಗಾರ ಹಿರೇರ ಆದ್ರು. ಹಿರೇರು ಒಳಗ ಕುಂತ್ರ ತಪ್ಪೇನಿಲ್ಲ" ಅಂದು ಎಡಗೈಯನ್ನು ನೀರಲ್ಲಿ ಅದ್ದಿದ.

ಬಲಗೈ ಹಿಡಿದುಕೊಳ್ಳಲಷ್ಟೇ, ಕೆಲಸವೆಲ್ಲ ಎಡಗೈಯದು. ಮೊದಲು ತಿರುವಿ ಹಾಕಿ ಪೊಳ್ಳು ಹೊಟ್ಟೆಗೆ ಮಣ್ಣು ತುಂಬಿದ. "ಹಬ್ಬದ ದಿವಸ ಎತ್ತಿನ ಹೊಟ್ಟಿ ಖಾಲಿ ಇರಬಾರದು" ಅಂದ. ಕುತ್ತಿಗೆಯ ಹಿಂದೆ ಮೊರದಂತೆ ಎದ್ದಿದ್ದ ತಟ್ಟೆಯ ಮೇಲೆ ಮಣ್ಣು ಮೆತ್ತಿ ಎತ್ತಿನ ಡುಬ್ಬ ಮಾಡಿದ. ಮೂಗಿನ ಮೇಲಿನ ಕೊಂಬು ಮುಚ್ಚಲು ಮೂಗನ್ನೇ ದಪ್ಪ ಮಾಡಬೇಕಾಯಿತು. ಕಾಳಿನ ಕಣ್ಣು ನನ್ನ ಕೈಯಿಂದ ಇಡಿಸಿದ. ಎತ್ತುಗಳು ನಿಂತವು. ಅಜ್ಜ ಎರಡು ಸಲ ನೆಲ ಗುದ್ದಿ ನೋಡಿದ, ಆದರೂ ನಿಂತೇ ಇದ್ದವು. ಅವನ ಮುಖದಲ್ಲಿ ನಗು ಬಂತು, ಒಂದು ಕಡೆಗೆ ಮಾತ್ರ, ಇನ್ನೊಂದು ಕಡೆ ಲಕ್ವಾದ್ದು.

ಅವ್ವ ಹೊರಬಂದು ನೋಡಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಮಾವಾರ ಕೈ ತಿರುಗಿ ಬಂತು" ಎಂದು ಓಣಿಗೆಲ್ಲ ಸಾರಿ ಬಂದಳು. ಜನ ಬಂದರು. ಎದುರುಮನೆಯ ಗುರುಪಾದಪ್ಪ ಬಗ್ಗಿ ನೋಡಿ, "ಕಾಕಾ, ಎತ್ತಿಗೆ ನೆಗಡಿ ಆಗೇತೇನು, ಮೂಗು ಬಾತೈತಿ" ಅಂದ. ಎಲ್ಲರೂ ನಕ್ಕರು, ಅಜ್ಜನೂ ನಕ್ಕ. ಅಂದು ಪೂಜೆಯಾದ ಮೇಲೆ ಅಜ್ಜ ಐದು ಕಡಬು ತಿಂದ. ತುಪ್ಪ ಗದ್ದಕ್ಕೆ ಇಳಿದರೂ ಲೆಕ್ಕಕ್ಕೆ ತರಲಿಲ್ಲ.

ಮರುದಿನ ಸಂಜೆ ಎಲ್ಲರೂ ಎತ್ತು ಹೊತ್ತು ಕೆರೆಗೆ ಹೋದೆವು. ಅಜ್ಜ ಕೋಲೂರಿಕೊಂಡು ತಾನೂ ಬಂದ. ಬೇಡವೆಂದು ಅವ್ವ ಹೇಳಿದರೆ, "ನನ್ನ ಎತ್ತು ನಾನ ಕಳಸಬೇಕು. ಮಣ್ಣು ನೀರಿಗೆ ಹೋಗಬೇಕವ್ವಾ, ಅದರ ತವರುಮನಿ ಅದು" ಅಂದ. ನೀರಿಗೆ ಬಿಟ್ಟಾಗ ನಮ್ಮ ಎತ್ತುಗಳು ಎಲ್ಲರವುಗಳಂತೆ ಮುಳುಗಿದವು.

ಹೆಂಗಸರು ದಂಡೆಯ ಮೇಲೆ ಕೂತು ಕಡಬು, ಚುರುಮುರಿ ಹಂಚುತ್ತಿದ್ದರು. ಹುಡುಗರು ನೀರಲ್ಲಿ ಬಡಿದಾಡಿ ತಳ ಕಲಕುತ್ತಿದ್ದರು. ಅಷ್ಟರಲ್ಲಿ ಕೆಸರು ನೀರಿನ ನಡುವೆ ಮೊದಲು ಒಂದು ಕೆಂಪು ಕೊಂಬು ಕಂಡಿತು, ಆಮೇಲೆ ಇನ್ನೆರಡು. ಮಣ್ಣು ಕರಗಿದ ಮುಕ್ಕೊಂಬ ಬೆನ್ನು ಮೇಲೆ ಮಾಡಿಕೊಂಡು ತೇಲುತ್ತ ದಂಡೆಯ ಕಡೆಗೇ ಬರುತ್ತಿತ್ತು.

"ಚನ್ನಪ್ಪಜ್ಜನ ಎತ್ತಿನ್ಯಾಗ ಪ್ಲಾಸ್ಟಿಕ್ಕು" ಎಂದು ಯಾರೋ ಕೂಗಿದರು. ನಗು ಎದ್ದಿತು. ಗುರುಪಾದಪ್ಪ ಮಾತ್ರ ನಗಲಿಲ್ಲ. "ದೇವರಿಗೆ ಹಿಂಗ ಮಾಡತಾರೇನ ಕಾಕಾ" ಅಂದ.

"ನಾನ ಇಟ್ಟಿದ್ದೆ. ಅಜ್ಜಗ ಗೊತ್ತಿಲ್ಲ" ಎಂದು ಹೇಳಿಬಿಟ್ಟೆ. ಅವ್ವನ ಕೈ ನನ್ನ ಕಿವಿಯ ತನಕ ಬಂದಿತ್ತು.

"ಬಿಡವ್ವಾ ಆಕಿನ್ನ. ಸುಳ್ಳು ಹೇಳಾಕತ್ತಾಳ" ಅಂದ ಅಜ್ಜ. ಕೋಲಿನ ಮೇಲೆ ಭಾರ ಹಾಕಿ ಎಲ್ಲರ ಕಡೆ ತಿರುಗಿದ. "ನಾನ ಇಟ್ಟೇನಿ ಗುರುಪಾದಾ. ನನ್ನ ಕೈ ತಿರುಗಿ ಬಂದಿಲ್ಲ. ಇನ್ನ ಬರೂದೂ ಇಲ್ಲ. ಎತ್ತಿಗೆ ಒಳಗೊಂದು ಎಲುಬು ಬೇಕಾಗಿತ್ತು. ನನ್ನ ಮೊಮ್ಮಗಳು ತಂದಕೊಟ್ಲು."

ಹಾಗೆ ನಾಲ್ಕು ಜನರ ಮುಂದೆ ತನ್ನ ಕೈ ಹೋಯಿತೆಂದು ಅಜ್ಜ ಅದೇ ಮೊದಲ ಸಲ ಹೇಳಿದ್ದು. ರೋಜಾ ಲಂಗ ಎತ್ತಿಕಟ್ಟಿ ನೀರಿಗಿಳಿದು ಮುಕ್ಕೊಂಬನನ್ನು ಹಿಡಿದು ತಂದು ಅಜ್ಜನ ಕೈಗೆ ಕೊಟ್ಟಳು. "ಹಸರಂದು ಸಿಗಲಿಲ್ಲ ಅಜ್ಜಾ" ಅಂದಳು. ಆಮೇಲೆ ನನ್ನ ಕಿವಿಯಲ್ಲಿ, "ಇದಕ್ಕ ಅಂತ ಹೇಳಿದ್ರ ಹಂಗ ಕೊಡ್ತಿದ್ನೆಲ್ಲ, ಹುಚ್ಚಿ" ಎಂದು ಬೈದಳು. ಡಬ್ಬಿ ಮಾತ್ರ ತಿರುಗಿ ಕೊಡಲಿಲ್ಲ.

ಅಜ್ಜ ದಂಡೆಯ ಕಲ್ಲಿನ ಮೇಲೆ ಕೂತು ಅದರ ಹೊಟ್ಟೆ ನೋಡಿದ. ಖಾಲಿಯಾಗಿತ್ತು. ಕಾಲ ಬಳಿಯ ಜಿಗಿ ಮಣ್ಣು ಒಂದು ಚಿಟಿಕೆ ತೆಗೆದು ಹೊಟ್ಟೆಗೆ ತುಂಬಿದ. ಆಮೇಲೆ ಎಡಗೈಯಿಂದ ತನ್ನ ಬಲಗೈ ಹೆಬ್ಬೆರಳನ್ನು ಹಿಡಿದು ಅದರ ಮೇಲೆ ಒತ್ತಿದ. ಅದನ್ನು ನನ್ನ ಅಂಗೈಯಲ್ಲಿಟ್ಟು, "ಇದು ನೀರಿಗೆ ಒಲ್ಲೆ ಅಂತೈತಿ. ನೀನ ಇಟಗೋ" ಅಂದ.

ಮರುವರ್ಷದಿಂದ ಎತ್ತು ಮಾಡಿದವಳು ನಾನು. ಅಜ್ಜ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದ, ಬೈಯುತ್ತಿದ್ದ. ಹಾಗೆ ಮೂರು ಅಮಾವಾಸ್ಯೆ ಕಳೆದವು. ನಾಲ್ಕನೆಯದಕ್ಕೆ ಅಜ್ಜ ಇರಲಿಲ್ಲ.

ನಾನೀಗ ದಾಂಡೇಲಿಯಲ್ಲಿದ್ದೇನೆ. ಕಾಗದದ ಮಿಲ್ಲಿನ ಭೋಂಗಾ ಕೂಗಿದ್ದು ಕೇಳಿ ಒಲೆ ಹಚ್ಚುವ ಸಂಸಾರ. ಹಬ್ಬದ ಎತ್ತುಗಳನ್ನು ಪೇಟೆಯಿಂದ ತರುತ್ತೇನೆ, ಬಣ್ಣ ಬಳಿದ ಪ್ಲಾಸ್ಟರಿನವು, ಹೇಳಲು ನಾಚಿಕೆ. ಎಂಟು ವರ್ಷದ ಮಗಳಿಗೂ ಡೈನೋಸಾರಿನ ಹುಚ್ಚು. ಅವಳವು ಪೆಟ್ಟಿಗೆಯಲ್ಲಿ ಬರುವ ದುಬಾರಿಯವು. ಕೈಕಾಲು ತಿರುಗುತ್ತವೆ, ತಿಂಗಳೊಳಗೆ ಮುರಿಯುತ್ತವೆ. ಮುಕ್ಕೊಂಬ ಮಾತ್ರ ದೇವರ ಮಾಡದಲ್ಲಿ ಗಟ್ಟಿಮುಟ್ಟಾಗಿ ನಿಂತಿತ್ತು. ವರ್ಷಕ್ಕೊಂದು ಸಲ ಅಮಾವಾಸ್ಯೆಯ ದಿನ ಅದನ್ನು ತಿರುವಿ, ಒಣಗಿದ ಮಣ್ಣಿನ ಮೇಲಿನ ಅಜ್ಜನ ಹೆಬ್ಬೆರಳ ಗುರುತಿನಲ್ಲಿ ನನ್ನ ಹೆಬ್ಬೆರಳಿಟ್ಟು ನೋಡುತ್ತಿದ್ದೆ. ಒಂಬತ್ತರಲ್ಲಿ ನನ್ನದು ಅದರಲ್ಲಿ ಎಲ್ಲಿ ಬೇಕಾದರೂ ಓಡಾಡುತ್ತಿತ್ತು. ಮದುವೆಯ ವರ್ಷವೂ ಒಂದಿಷ್ಟು ಜಾಗ ಉಳಿದಿತ್ತು.

ಈ ವರ್ಷ ಅಮಾವಾಸ್ಯೆಯ ಮುಂಜಾನೆ ಮಗಳು ಬಚ್ಚಲಿನಿಂದ ಓಡಿ ಬಂದಳು. ಕೈಯಲ್ಲಿ ಮುಕ್ಕೊಂಬ, ಇನ್ನೊಂದು ಕೈಯಲ್ಲಿ ಹಲ್ಲುಜ್ಜುವ ಬ್ರಶ್ಶು. ಕೆಂಪು ಬಣ್ಣ ಹೊಸತರಂತೆ ಹೊಳೆಯುತ್ತಿತ್ತು.

"ಮಮ್ಮಿ, ಹಬ್ಬಕ್ಕಂತ ತೊಳದೆ. ಹೊಟ್ಯಾಗ ಎಷ್ಟು ಕೆಸರಿತ್ತು ಗೊತ್ತೇನು. ಪಿನ್ನು ಹಾಕಿ ಎಲ್ಲಾ ತಗದೆ."

ನಾನು ಬಚ್ಚಲಿಗೆ ಓಡಿದೆ. ಮೋರಿಯ ಬಾಯಲ್ಲಿ ಒಂದಿಷ್ಟು ಕಂದು ನೀರು ಸುತ್ತುತ್ತಿತ್ತು. ನೋಡನೋಡುತ್ತ ಅದೂ ಇಳಿದು ಹೋಯಿತು. ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟೆ. ಮಗಳು ಬಾಗಿಲಲ್ಲಿ ನಿಂತು, "ತಪ್ಪ ಮಾಡಿದೆನೇನ ಮಮ್ಮಿ?" ಅಂದಳು, ಅಳು ಬಂದಿತ್ತು ಅವಳಿಗೆ.

"ಇಲ್ಲವ್ವಾ" ಅಂದೆ. "ಮಣ್ಣು ನೀರಿಗೆ ಹೋಗಬೇಕು. ಅದರ ತವರುಮನಿ ಅದು."

ಅವಳು ಮುಕ್ಕೊಂಬನನ್ನು ನನ್ನ ಅಂಗೈಯಲ್ಲಿಟ್ಟಳು. ಮೂರು ಕೊಂಬೂ ಇದ್ದವು, ನಾಲ್ಕು ಕಾಲೂ ಇದ್ದವು, ಎಲ್ಲಿಯೂ ಒಂದು ಗೀರಿಲ್ಲ. ತಿರುವಿ ಹೆಬ್ಬೆರಳಿಟ್ಟೆ. ಬೆರಳಿಗೆ ಬರೀ ಪ್ಲಾಸ್ಟಿಕ್ಕು ಹತ್ತಿತು.