ನೆಲಕ್ಕಂಟಿದ ಕಿಟಕಿ

ಮನೆಯ ಮೇಲೊಂದು ಕೋಣೆ ಕಟ್ಟಿಸಲು ಹೊರಟಾಗ ಎಂಜಿನಿಯರ್ ತಮ್ಮ ಮೊಬೈಲಿನಲ್ಲಿ ಹತ್ತಾರು ಚಿತ್ರ ತೋರಿಸಿದರು. ಎಲ್ಲ ಮನೆಗಳ ಮುಖಕ್ಕೂ ನೀಲಿ ಗಾಜು. ಗದಗಿನ ಬಿಸಿಲಿಗೆ ಗಾಜು ಯಾಕೆ ಎಂದು ಕೇಳಿದೆ.

“ಈಗ ಎಲ್ಲಾರೂ ಇದನ್ನ ಮಾಡಸಾಕತ್ತಾರ್ರೀ ಮೇಡಂ,” ಎಂದರು.

ನನಗದು ಉತ್ತರ ಅನ್ನಿಸಲಿಲ್ಲ. ಅಂದಿನಿಂದ ಕಚೇರಿಗೆ ಹೋಗುವಾಗ, ಬರುವಾಗ ಕಂಡವರ ಮನೆಗಳನ್ನು ತಲೆಯೆತ್ತಿ ನೋಡುವ ಚಟ ಹತ್ತಿತು.

ಬೆಟಗೇರಿಯ ಒಂದು ಮನೆಯೆದುರು ನನ್ನ ಸ್ಕೂಟಿ ತಾನಾಗಿಯೇ ನಿಧಾನವಾಗುತ್ತಿತ್ತು. ನಮ್ಮ ತಾಯಿ ಲಂಗ ತೊಡುತ್ತಿದ್ದ ಕಾಲದಲ್ಲಿ ಕಟ್ಟಿದ್ದಿರಬೇಕು. ಎರಡು ರಸ್ತೆ ಕೂಡುವಲ್ಲಿ ಅದರ ಮೂಲೆ ಚೂಪಾಗಿರದೆ ದುಂಡಗೆ ಹೊರಳಿತ್ತು. ಗ್ಯಾಲರಿಯೂ ಅದರ ಜೊತೆಗೇ ಹೊರಳಿತ್ತು. ಕಿಟಕಿಗಳ ಮೇಲಿನ ತೆಳ್ಳಗಿನ ಸಿಮೆಂಟಿನ ಸಜ್ಜಾ ಒಂದೇ ಗೆರೆ ಎಳೆದಂತೆ ಮನೆಯನ್ನು ಸುತ್ತಿತ್ತು. ಅಲಂಕಾರ ಅಂದರೆ ಅಷ್ಟೇ. ಆದರೆ ನನ್ನನ್ನು ಕಾಡಿದ್ದು ಮಹಡಿಯ ಒಂದು ಕಿಟಕಿ. ನೆಲಕ್ಕೆ ಅಂಟಿಕೊಂಡು, ಮೊಣಕಾಲೆತ್ತರಕ್ಕೆ, ಉದ್ದಕ್ಕೆ ತೂತು ತೂತಾದ ಸಿಮೆಂಟಿನ ಜಾಳಿ. ಕಟ್ಟಿದವರು ಅಳತೆ ತಪ್ಪಿದ್ದರೇ?

ಒಂದು ರವಿವಾರ ಮುಂಜಾನೆ ನಿಂತು ನೋಡುತ್ತಿರುವಾಗ ಗ್ಯಾಲರಿಯಿಂದ ವಯಸ್ಸಾದ ಹೆಂಗಸೊಬ್ಬರು ಬಾಗಿದರು.

“ಯಾಕವಾ, ರಸ್ತಾ ಅಗಲ ಮಾಡಾಕ ಬಂದೀಯೇನು?”

“ಇಲ್ರೀ ಅಮ್ಮಾರ, ಮನಿ ನೋಡಾಕ ಬಂದೀನಿ.”

“ಇದು ಮಾರಾಕಿಲ್ಲ.”

“ತಗೊಳ್ಳಾಕ ಅಲ್ರೀ. ಆ ಕಿಟಕಿ ಯಾಕ ಅಷ್ಟು ಕೆಳಗೈತಿ ಅಂತ ತಿಳೀಬೇಕಾಗಿತ್ತು.”

ಅವರು ನಕ್ಕರು. “ಇದನ್ನ ಯಾರೂ ಕೇಳಿದ್ದಿಲ್ಲ ನೋಡು. ಮ್ಯಾಲ ಬಾ.”

ಆ ಕಿಟಕಿಯ ಕೋಣೆಗೇ ಕರೆದೊಯ್ದು ಮನೆಯ ಕಥೆ ಹೇಳಿದರು. ಅವರ ಮಾವ ಸೀರೆ ವ್ಯಾಪಾರಿ. ಮುಂಬೈಗೆ ಮಾಲು ಒಯ್ಯುತ್ತಿದ್ದರಂತೆ. ಅಲ್ಲಿ ಕಡಲ ದಂಡೆಯ ದುಂಡು ಮೂಲೆಯ ಮನೆಗಳಿಗೆ ಮರುಳಾಗಿ, ಊರಿಗೆ ಬಂದು ಗೌಂಡಿಗೆ ಕೈಯಾಡಿಸಿ ವರ್ಣಿಸಿದರಂತೆ. ಅಂಥ ಗೋಡೆಯನ್ನು ಆ ಗೌಂಡಿ ಯಾವತ್ತೂ ಕಟ್ಟಿರಲಿಲ್ಲ. ಗೂಟ ಹೊಡೆದು, ಹಗ್ಗ ಹಿಡಿದು ಸುತ್ತಿ, ನೆಲದ ಮೇಲೆ ಗೆರೆ ಎಳೆದುಕೊಂಡು ಕಲ್ಲು ಇಟ್ಟನಂತೆ.

“ಆದ್ರ ಈ ಕಿಟಕಿ ಮುಂಬೈದಲ್ಲ,” ಎಂದರು. “ಇದು ನಮ್ಮ ಅತ್ತಿದು. ಈ ಕ್ವಾಣ್ಯಾಗ ಕುಂತು ನಾವೆಲ್ಲಾ ಸೀರಿ ಸೆರಗಿಗೆ ಗೊಂಡೆ ಕಟ್ಟತಿದ್ವಿ. ಅತ್ತಿ ಮಾವಗ ಅಂದರಂತ, ‘ಮುಂಬೈ ಮಂದಿ ಕುರ್ಚಿ ಮ್ಯಾಲ ಕುಂಡ್ರತಾರ, ನಾವು ನೆಲದ ಮ್ಯಾಲ ಕುಂಡ್ರತೀವಿ. ನಮಗ ಗಾಳಿ ಎಲ್ಲಿಂದ ಬರಬೇಕು?’ ಅಂತ.” ಆಮೇಲೆ ನನ್ನತ್ತ ತಿರುಗಿ, “ನಿಂತು ನೋಡಿದ್ರ ತಿಳಿಯಂಗಿಲ್ಲ. ಕುಂಡ್ರು,” ಎಂದರು.

ಕುಳಿತೆ. ಕೆಂಪು ನೆಲ ತಣ್ಣಗಿತ್ತು. ಗಾಳಿ ಸೀದಾ ಮುಖಕ್ಕೆ ಬಂತು. ಆಟೋಗಳು, ತರಕಾರಿ ಕೊಳ್ಳುವವರು, ಇಡೀ ಬೀದಿ ಕಣ್ಣೆದುರಿಗಿತ್ತು. ಬೀದಿಯವರಿಗೆ ಮಾತ್ರ ನಾವು ಕಾಣುವಂತಿರಲಿಲ್ಲ.

ಅಷ್ಟರಲ್ಲಿ ಅವರ ಸೊಸೆ ಚಹಾ ತಂದರು. “ಈ ಕೋಣಿಗೆ ಎಸಿ ಹಾಕಸಬೇಕಂತ ಮಾಡೇವ್ರೀ. ಇದನ್ನ ಮುಚ್ಚಬೇಕಾಗತೈತಿ,” ಎಂದರು. ಆ ಅಮ್ಮ ಜಾಳಿಯತ್ತ ನೋಡಿದರು. ಪರರ ಮನೆ, ನಾನು ಹೇಳುವಂಥದ್ದಲ್ಲ. ಆದರೂ ತಡೆಯಲಾಗದೆ, “ನೀವು ಇಲ್ಲಿ ಕುಂತೀರೇನ್ರೀ?” ಎಂದು ಕೇಳಿದೆ.

“ಪುರುಸೊತ್ತು ಎಲ್ಲಿರತೈತ್ರೀ?” ಎಂದವರು ಚಹಾದ ಕಪ್ಪು ಹಿಡಿದು ನನ್ನ ಪಕ್ಕ ಕುಳಿತರು. ಕುಡಿದಾದ ಮೇಲೂ ಏಳಲಿಲ್ಲ. “ಇಲ್ಲಿ ಕುಂತು ಏನು ಮಾತಾಡತಿದ್ರಿ ಅತ್ತಿ?”

“ಏನೈತಿ, ಬೀದ್ಯಾಗ ಹೋಗೋರ ಸುದ್ದಿ!”

ಮೂವರೂ ನಕ್ಕೆವು. ಕೆಲ ತಿಂಗಳ ನಂತರ ಎಸಿ ಬಂತು, ಆದರೆ ಪಕ್ಕದ ಕೋಣೆಗೆ. ಗ್ಯಾಲರಿಗೆ ಮಾತ್ರ ಸ್ಟೀಲಿನ ಕಟಕಟೆ ಬಂತು. ಅದು ನನಗೆ ಹಿಡಿಸಲಿಲ್ಲ. ಸೊಸೆಗೆ ಇಷ್ಟ.

ನಮ್ಮ ಮೇಲಿನ ಕೋಣೆಗೂ ಅಂಥದೇ ಕಿಟಕಿ ಬೇಕೆಂದಾಗ ನನ್ನ ಗಂಡ, “ಬೆಕ್ಕಿಗೆ ಮಾಡಸ್ತೀಯೇನು?” ಎಂದು ಚೇಷ್ಟೆ ಮಾಡಿದರು. ಆ ನಮೂನೆಯ ಜಾಳಿ ಎಲ್ಲಿಯೂ ಸಿಗಲಿಲ್ಲ. ಶಿರಹಟ್ಟಿ, ಮುಂಡರಗಿಯವರೆಗೂ ಹುಡುಕಿದೆ. ಕೊನೆಗೆ ಸಿಕ್ಕಿದ ದೊಡ್ಡ ತೂತಿನದನ್ನೇ ಹಾಕಿಸಿದೆವು. ಹುಡುಕುವ ನೆಪದಲ್ಲಿ ನೋಡಿದ್ದು ಬಹಳ: ಒಂದು ಅಂಗಡಿಯ ಮೇಲೆ ಹಡಗಿನಲ್ಲಿರುವಂಥ ದುಂಡು ಕಿಟಕಿ, ಒಂದು ಹಳೆಯ ದವಾಖಾನೆಯಲ್ಲಿ ಗಾಜಿನ ಇಟ್ಟಿಗೆಯ ಗೋಡೆ.

ಗೃಹಪ್ರವೇಶಕ್ಕೆ ಬೆಟಗೇರಿಯ ಅಮ್ಮ ಬಂದರು. ಸೊಸೆಯ ತೋಳು ಹಿಡಿದು ಮೆಲ್ಲಗೆ ನೆಲಕ್ಕೆ ಕುಳಿತು, ಜಾಳಿಯೊಳಗೆ ಬೆರಳು ತೂರಿಸಿ ನೋಡಿದರು.

“ಗುಬ್ಬಿ ಒಳಗ ಬರತಾವ ನೋಡವಾ. ಆದ್ರ ಗಾಳಿ ಚಲೋ ಐತಿ.” ಆಮೇಲೆ ದನಿ ತಗ್ಗಿಸಿ ಕೇಳಿದರು, “ಲಕ್ಷ್ಮೇಶ್ವರದಾಗ ನಮ್ಮ ಅಕ್ಕನ ಮನಿ ಐತಿ. ಹತ್ತೋ ಪಾವಟಿಗಿ ಹೊರಗಿಂದ ಹಾವಿನಂಗ ಸುತ್ತಿಕೊಂಡು ಮ್ಯಾಲ ಹೋಗತಾವ. ಅವಕ್ಕ ಕೆಳಗ ಒಂದು ಕಂಬ ಸುದ್ದಾ ಇಲ್ಲ. ಹ್ಯಾಂಗ ನಿಂತಾವೋ ಯಾರಿಗ್ಗೊತ್ತು. ನೋಡೀಯೇನು?”

ನೋಡಿರಲಿಲ್ಲ. ಮುಂದಿನ ರವಿವಾರವೇ ನಾನೂ ಅಮ್ಮನೂ ಲಕ್ಷ್ಮೇಶ್ವರದ ಬಸ್ ಹತ್ತಿದೆವು.