ಛಾವಣಿ ಜೈಲಿನ ಸಿಪಾಯಿ ಹಿಡಿದ ಸೊಸೆ

ಬಳಗಾನೂರಿನ ನಮ್ಮ ಓಣಿಯ ಕರೆಮ್ಮನನ್ನು ದೆವ್ವ ಹಿಡಿದದ್ದು ಭತ್ತದ ನಾಟಿಯ ಹೊತ್ತಿನಲ್ಲಿ, ಅದೂ ಮೊಣಕಾಲುದ್ದ ಕೆಸರಿನಲ್ಲಿ ನಿಂತಾಗ. ದೆವ್ವಗಳೆಂದರೆ ನನಗೆ ಅಷ್ಟಕ್ಕಷ್ಟೇ. ಆದರೆ ಈ ದೆವ್ವದ ಮೇಲೆ ಮಾತ್ರ ಬಹಳ ಗೌರವವಿದೆ. ಅದು ಮಾಡಿದಷ್ಟು ನ್ಯಾಯವನ್ನು ನಮ್ಮೂರ ಪಂಚರು ಯಾವತ್ತೂ ಮಾಡಿಲ್ಲ.

ಕರೆಮ್ಮ ಲಿಂಗಸುಗೂರಿನ ಛಾವಣಿಯ ಹುಡುಗಿ. ನಿಜಾಮರ ಕಾಲದಲ್ಲಿ ಅಲ್ಲಿ ಫೌಜು ಬೀಡುಬಿಟ್ಟಿತ್ತು, ಅದಕ್ಕೇ ಛಾವಣಿ ಎಂಬ ಹೆಸರು, ತಪ್ಪು ಮಾಡಿದ ಸಿಪಾಯಿಗಳನ್ನು ಕೂಡಿಹಾಕುವ ಕಲ್ಲಿನ ಜೈಲೂ ಇತ್ತು. ಫೌಜು ಹೋಯಿತು, ಜೈಲು ಉಳಿಯಿತು. ಅದರೊಳಗೆ ಸತ್ತ ಸಿಪಾಯಿಯೊಬ್ಬ ಇನ್ನೂ ಬೂಟು ಕುಟ್ಟುತ್ತ ತಿರುಗುತ್ತಾನೆಂದು ಸಿಂಧನೂರಿನವರೆಗೂ ಸುದ್ದಿ. ದೂರದವರಿಗೆ ಹೆಸರೆತ್ತಿದರೆ ಸಾಕು, ಎದೆ ಝಲ್ಲೆನ್ನುತ್ತಿತ್ತು. ಜೈಲಿನ ಪಕ್ಕದ ಓಣಿಯವರಿಗೆ ಅದು ಚೆನ್ನಾಗಿ ಬಿಸಿಲು ಬೀಳುವ ಗೋಡೆ. ಕರೆಮ್ಮ ಚಿಕ್ಕಂದಿನಿಂದ ಅವ್ವನ ಜೊತೆ ಅಲ್ಲಿಯೇ ಸಗಣಿಯ ಕುಳ್ಳು ತಟ್ಟಿದವಳು. ಸಿಪಾಯಿ ಒಂದು ದಿನವೂ ಬೇಡವೆಂದಿರಲಿಲ್ಲ.

ಆಕೆ ಸೊಸೆಯಾಗಿ ಬಂದ ವರ್ಷವೇ ಬಳಗಾನೂರಿಗೆ ಕಾಲುವೆ ನೀರೂ ಬಂತು. ಮೊದಲು ಜೋಳದ ಸುಗ್ಗಿ ಮುಗಿದರೆ ಸೊಸೆಯಂದಿರು ಬುತ್ತಿ ಕಟ್ಟಿಕೊಂಡು ತವರಿಗೆ ಹೋಗುತ್ತಿದ್ದರು, ಮಳೆ ಬೀಳುವವರೆಗೆ ಯಾರೂ ಕೇಳುತ್ತಿರಲಿಲ್ಲ. ಕಾಲುವೆ ಬಂದದ್ದೇ ಬಂದದ್ದು, ನಾಟಿ, ಕಳೆ, ಕೊಯ್ಲು, ಮತ್ತೆ ನಾಟಿ. ಹೆಂಗಸರ ಬಿಡುವನ್ನೆಲ್ಲ ನುಂಗಿದ ಆ ನೀರಿಗೆ ಗಂಡಸರು ಕಾಯಿ ಒಡೆದು ಕೈಮುಗಿದರು. ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ದೆವ್ವ ಹಿಡಿದ ಆ ಸಲದ ನಾಟಿಯ ಹೊತ್ತಿಗೆ ಕರೆಮ್ಮನ ಅವ್ವ ಗ್ಯಾನಮ್ಮ ಹಾಸಿಗೆ ಹಿಡಿದಿದ್ದಾಳೆಂದು ಸುದ್ದಿ ಬಂತು. ಅತ್ತೆ ಪಾರ್ವತೆಮ್ಮನನ್ನು ಕೇಳಿದರೆ, ನಾಟಿ ಮುಗಿಯಲಿ ಎಂದಳು. ಗಂಡ ಆದೆಪ್ಪನನ್ನು ಕೇಳಿದರೆ, ಅವ್ವನನ್ನು ಕೇಳು ಎಂದ. ಆತ ಹುಟ್ಟಿದಾಗಿನಿಂದ ಅದೊಂದೇ ಉತ್ತರ ಕಲಿತಿದ್ದ. ನಾಟಿ ಮುಗಿಯುವವರೆಗೆ ಅವ್ವ ಇರುತ್ತಾಳೋ ಇಲ್ಲವೋ ಎಂದು ಕರೆಮ್ಮ ರಾತ್ರಿಯೆಲ್ಲ ಲೆಕ್ಕ ಹಾಕಿದಳು. ಮರುದಿನ ಸಸಿಯ ಕಟ್ಟು ಬಿಸಾಡಿ, ಕೂದಲು ಬಿಚ್ಚಿ, ತವರಿನ ನೆರೆಮನೆಯ ರಾಜಾಬೀಯಿಂದ ಕಲಿತಿದ್ದ ಉರ್ದುವಿನಲ್ಲಿ ಗುಡುಗಿದಳು. ತಾನು ಜೈಲಿನ ಸಿಪಾಯಿ, ತನ್ನನ್ನು ಛಾವಣಿಗೆ ಮುಟ್ಟಿಸದಿದ್ದರೆ ಗದ್ದೆಯಲ್ಲಿ ಒಂದು ಸಸಿಯನ್ನೂ ಉಳಿಸುವುದಿಲ್ಲ ಎಂದಳು.

ನಮ್ಮ ಕಡೆ ದೆವ್ವಕ್ಕೊಂದು ಮರ್ಯಾದೆ ಇದೆ. ಹೊಡೆದು ಓಡಿಸಿದರೆ ಮತ್ತೆ ಬರುತ್ತದೆ. ಅದರ ಜಾಗಕ್ಕೇ ಕರೆದೊಯ್ದು, ಎಡೆ ಕೊಟ್ಟು, ಬಿಟ್ಟು ಬರಬೇಕು. ಸೊಸೆಯ ಮಾತಿಗೆ ಜಗ್ಗದ ಪಾರ್ವತೆಮ್ಮ ದೆವ್ವದ ಮಾತಿಗೆ ತಕ್ಷಣ ಬುತ್ತಿ ಕಟ್ಟಿದಳು. ಆದರೆ ಸಸಿ ಬಲಿಯುತ್ತಿದ್ದವು, ಸಂಜೆಯ ಬಸ್ಸಿಗೇ ತಿರುಗಿ ಬರಬೇಕೆಂದು ಕಡ್ಡಿ ಮುರಿದಂತೆ ಹೇಳಿದಳು. ಅತ್ತೆ, ಮಗ, ಸೊಸೆ ಮೂವರೂ ಹೊರಟರು. ಮಸ್ಕಿ ದಾಟುವವರೆಗೂ ಬಸ್ಸಿನಲ್ಲಿ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರೂ ದೆವ್ವಕ್ಕೆ ಮಾತ್ರ ಕಿಟಕಿಯ ಸೀಟು ಸಿಕ್ಕಿತ್ತು.

ಜೈಲಿನೊಳಗೆ ಬಾವಲಿಗಳ ನಾತ, ತುಕ್ಕು ಹಿಡಿದ ಸರಳು. ಆದೆಪ್ಪ ಬಾಗಿಲಲ್ಲೇ ನಿಂತು ರೊಟ್ಟಿ, ಮೊಟ್ಟೆ, ಬೀಡಿ ಕಟ್ಟು ಇದ್ದ ಬುಟ್ಟಿಯನ್ನು ಕೋಲಿನಿಂದ ಒಳಗೆ ತಳ್ಳಿದ. ಪಾರ್ವತೆಮ್ಮ ಹೊರಗೋಡೆ ನೋಡುತ್ತಿದ್ದಳು. ಗೋಡೆ ತುಂಬ ಹಸಿ ಕುಳ್ಳು, ಒಂದೊಂದರ ಮೇಲೂ ಹೆಂಗಸರ ಬೆರಳ ಗುರುತು. ದೆವ್ವವಿರುವ ಗೋಡೆಗೆ ಯಾರು ಕುಳ್ಳು ತಟ್ಟುತ್ತಾರೆ? ಆಕೆ ಗೋಡೆ ನೋಡಿದಳು, ಸೊಸೆಯ ಮುಖ ನೋಡಿದಳು. ಕರೆಮ್ಮ ಓಣಿಯ ಕಡೆ ಕಣ್ಣು ಹಾಯಿಸಿದಳು. ಅವ್ವನ ಮನೆ ಅದೇ ಓಣಿಯ ಕೊನೆಗಿತ್ತು, ಇನ್ನೂ ಮುಖ ನೋಡಿರಲಿಲ್ಲ.

ಪಾರ್ವತೆಮ್ಮ ಬಯ್ಯಲಿಲ್ಲ. ಅಲ್ಲೇ ಕುಳಿತು, ತಾನೂ ಕೂದಲು ಬಿಚ್ಚಿ, ಮೈ ತೂಗತೊಡಗಿದಳು.

“ನನ್ನ ಗುರುಗುಂಟಾಕ್ಕ ಕರಕೊಂಡು ನಡೀರಿ,” ಎಂದಿತು ಆಕೆಯ ಮೈಮೇಲೆ ಬಂದದ್ದು.

ಗುರುಗುಂಟಾ ಆಕೆಯ ತವರು. ಕಾಲುವೆ ಬಂದಾಗಿನಿಂದ ಆಕೆಯೂ ಅಣ್ಣನ ಮುಖ ಕಂಡಿರಲಿಲ್ಲ.

ಈ ದೆವ್ವಕ್ಕೆ ಉರ್ದುವಿನ ಗಂಧವೇ ಇರಲಿಲ್ಲ. ಆದೆಪ್ಪ ಕಂಗಾಲಾಗಿ, ಇದು ಖರೆಯೋ ಸುಳ್ಳೋ ಎಂದು ಅನುಭವಸ್ಥಳಾದ ಹೆಂಡತಿಯನ್ನೇ ಕೇಳಿದ. ಸುಳ್ಳೆಂದರೆ ಕರೆಮ್ಮನದೂ ಬಯಲು. ಖರೆ ಎಂದರೆ ಎಲ್ಲರೂ ಗುರುಗುಂಟಾದ ಬಸ್ಸು ಹತ್ತಬೇಕು, ಅವ್ವನನ್ನು ನೋಡುವುದು ತಪ್ಪುತ್ತದೆ. ಬಿಚ್ಚಿದ ಕೂದಲ ಸಂದಿಯಿಂದ ಅತ್ತೆಯ ಒಂದು ಕಣ್ಣು ಆಕೆಯನ್ನೇ ಬೇಡಿಕೊಳ್ಳುತ್ತಿತ್ತು.

“ನನ್ನ ಹಿಡಿದಾವ ಬರೇ ಸಿಪಾಯಿ,” ಎಂದಳು ಕರೆಮ್ಮ. “ಅತ್ತೀಗೆ ಬಂದಾವ ಅವನ ಮ್ಯಾಲಿನ ಸುಬೇದಾರ. ಅವ ಎಲ್ಲಿಗಿ ಅಂತಾನ ಅಲ್ಲಿಗಿ ಕರಕೊಂಡು ಹೋಗಬೇಕು. ಅವ ತಿರುಗಿ ಬರೋತನಾ ಸಿಪಾಯಿ ಛಾವಣಿ ಬಿಟ್ಟು ಕದಲಂಗಿಲ್ಲ.”

ಫೌಜಿನ ಕಾನೂನು ಆದೆಪ್ಪನಿಗೇನು ಗೊತ್ತು? ಅವ್ವನನ್ನು ಗುರುಗುಂಟಾದಲ್ಲಿ ಬಿಟ್ಟು, ಒಬ್ಬನೇ ಊರಿಗೆ ಮರಳಿ, ಕೂಲಿಯವರ ಜೊತೆ ಕೆಸರಿಗಿಳಿದ. ಕರೆಮ್ಮ ಓಣಿಯ ಕೊನೆಗೆ ಓಡಿದಳು. ಚಾಪೆಗೆ ಅಂಟಿದ್ದ ಗ್ಯಾನಮ್ಮ ಮಗಳ ಕೈಯಿಂದ ಅಂಬಲಿ ಕುಡಿದಳು, ಕುಡಿದು ಅತ್ತಳು.

ಸುಬೇದಾರನಿಗೆ ಗುರುಗುಂಟಾ ಬಹಳ ಒಗ್ಗಿತು, ಬೇಗ ಬರಲಿಲ್ಲ. ಕೊನೆಗೆ ಆದೆಪ್ಪನೇ ಹೋಗಿ ಕರೆತಂದ. ಪಾರ್ವತೆಮ್ಮ ಎಣ್ಣೆ ಹಚ್ಚಿ ತಲೆ ಬಾಚಿ, ಅಣ್ಣ ಉಡಿಸಿದ ಹೊಸ ಸೀರೆಯಲ್ಲಿ ಗ್ಯಾನಮ್ಮನ ಮನೆಗೆ ಬಂದಳು. ಕರೆಮ್ಮ ಗಂಟು ಕಟ್ಟತೊಡಗಿದಳು. ಅವ್ವ ಆಗಿನ್ನೂ ಗೋಡೆ ಹಿಡಿದು ಏಳುತ್ತಿದ್ದಳು. ಪಾರ್ವತೆಮ್ಮ ಗ್ಯಾನಮ್ಮನ ಪಕ್ಕ ಕುಳಿತು, ಸಣ್ಣಗಾಗಿದ್ದ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಸವರಿದಳು.

“ಗಂಟು ಇಳಿಸಬೇ,” ಎಂದಳು ಸೊಸೆಗೆ. “ನಿಮ್ಮವ್ವ ಎದ್ದು ಅಡ್ಡಾಡೋತನಾ ಸಿಪಾಯಿ ಇಲ್ಲೇ ಇರಲಿ. ಸುಬೇದಾರನ ಹುಕುಂ ಐತಿ.”

ಆದೆಪ್ಪ ಅವ್ವನ ಗಂಟು ಹೊತ್ತು ಬಸ್ಸಿಗೆ ನಡೆದ. ಆ ಸಲದ ಕಳೆಯನ್ನು ತಾಯಿ ಮಗ ಇಬ್ಬರೇ ಕಿತ್ತರು.